ಅಂಗಾಲಿನ ಚರ್ಮ ಹೋದರೆ ಮತ್ತೆ ಹಾಕುವುದು ಹೇಗೆ?

ತೊಡೆಯ ಮೇಲೋ ಬೆನ್ನ ಮೇಲೋ ಅಂಗೈ ಅಗಲದ ಚರ್ಮ ಕಿತ್ತುಹೋದರೆ ಪ್ಲಾಸ್ಟಿಕ್ ಸರ್ಜನ್‌ಗಳು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಬೇರೆ ಕಡೆಯಿಂದ ತೆಳುವಾಗಿ ಚರ್ಮ ತೆಗೆದು ಹಾಕುತ್ತಾರೆ, ಕೆಲವು ವಾರಗಳಲ್ಲಿ ಮಾಯುತ್ತದೆ. ಅದೇ ಅಳತೆಯ ಗಾಯ ಹಿಮ್ಮಡಿಯಲ್ಲಿ ಆದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಎರಡು ಮೂರು ಆಪರೇಷನ್, ಇಷ್ಟೆಲ್ಲ ಆದಮೇಲೂ ಮತ್ತೆ ಬಾಯಿ ಬಿಡುವ ಹುಣ್ಣು. ಇಷ್ಟು ಗಾಯಕ್ಕೆ ಇಷ್ಟೊಂದು ಯಾಕೆ ಅಂತ ಮನೆಯವರು ಕೇಳುವುದು ಸಹಜ. ಡಾಕ್ಟರ್‌ಗೆ ವಿವರಿಸಿ ಹೇಳಲು ಸಮಯ ಇರುವುದಿಲ್ಲ, ಮನೆಯವರಿಗೆ ಏನು ಕೇಳಬೇಕು ಅಂತ ಗೊತ್ತಿರುವುದಿಲ್ಲ. ಅದಕ್ಕೇ ಈ ಲೇಖನ.

ಮೊದಲು ಅಂಗಾಲು ಅಂದರೆ ಏನು ಅಂತ ನೋಡೋಣ. ಅಲ್ಲಿನ ಚರ್ಮದಲ್ಲಿ ಕೂದಲಿಲ್ಲ, ಎಣ್ಣೆ ಗ್ರಂಥಿ ಇಲ್ಲ, ಬೆವರಿನ ಗ್ರಂಥಿಗಳು ಮಾತ್ರ ಜಾಸ್ತಿ. ಹಿಮ್ಮಡಿಯಲ್ಲಿ ಚರ್ಮದ ಹೊರ ಪದರವೊಂದೇ ಒಂದು ಮಿಲಿಮೀಟರಿಗಿಂತ ದಪ್ಪ ಇರುತ್ತದೆ. ಕಣ್ಣಿನ ರೆಪ್ಪೆಯಲ್ಲಿ ಎಲ್ಲ ಪದರ ಸೇರಿದರೂ ಅಷ್ಟಾಗುವುದಿಲ್ಲ. ಚರ್ಮದ ಕೆಳಗೆ ಹಿಮ್ಮಡಿಯಲ್ಲಿ ಸುಮಾರು 1.5ರಿಂದ 2 ಸೆಂ.ಮೀ. ದಪ್ಪದ ಕೊಬ್ಬಿನ ಮೆತ್ತೆ ಇದೆ. ಹೊಟ್ಟೆಯ ಕೊಬ್ಬು ಸಡಿಲವಾಗಿ ಅಲ್ಲಾಡುತ್ತದಲ್ಲ, ಇದು ಹಾಗೆ ಅಲ್ಲಾಡುವುದಿಲ್ಲ. ದಾಳಿಂಬೆ ಬಿಡಿಸಿದರೆ ಒಳಗೆ ಕಾಳುಗಳು ಪೊರೆಯ ಗೋಡೆಗಳ ನಡುವೆ ಕೋಣೆ ಕೋಣೆಯಾಗಿ ಕೂತಿರುತ್ತವೆ ನೋಡಿ, ಹಿಮ್ಮಡಿಯ ಕೊಬ್ಬೂ ಹಾಗೇ ಗಟ್ಟಿ ನಾರಿನ ಗೋಡೆಗಳ ನಡುವೆ ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿದೆ. ಈ ಗೋಡೆಗಳ ಒಂದು ತುದಿ ಚರ್ಮಕ್ಕೆ ಅಂಟಿದ್ದರೆ ಇನ್ನೊಂದು ತುದಿ ಮೂಳೆಗೆ ಅಂಟಿದೆ. ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಎಳೆಯಿರಿ, ಸಲೀಸಾಗಿ ಸರಿಯುತ್ತದೆ. ಹಿಮ್ಮಡಿ ಚರ್ಮವನ್ನು ಎಳೆದು ನೋಡಿ, ಜಗ್ಗುವುದೇ ಇಲ್ಲ.

ಈ ಜಗ್ಗದ ಗುಣ ಬಹಳ ಮುಖ್ಯ. ನಡೆಯುವಾಗ ಪಾದದ ಮೇಲೆ ಮೈಭಾರಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಡ ಬೀಳುತ್ತದೆ, ಓಡುವಾಗ ಎರಡು ಮೂರು ಪಟ್ಟು. ಆ ಭಾರ ನೇರವಾಗಿ ಕೆಳಗೆ ಒತ್ತುವುದರ ಜೊತೆಗೆ ಮುಂದಕ್ಕೂ ಪಕ್ಕಕ್ಕೂ ಉಜ್ಜುತ್ತದೆ. ಒತ್ತಡಕ್ಕಿಂತ ಈ ಉಜ್ಜಾಟವೇ ಚರ್ಮಕ್ಕೆ ದೊಡ್ಡ ಶತ್ರು. ಬೇರೆ ಕಡೆಯ ಚರ್ಮವನ್ನು ತಂದು ಇಲ್ಲಿ ಹಾಕಿದಾಗ ಅದು ಎಷ್ಟೇ ದಪ್ಪ ಇದ್ದರೂ, ಕೆಳಗಿನ ಮೂಳೆಗೆ ಆ ನಾರಿನ ಹಿಡಿತ ಇರುವುದಿಲ್ಲ. ಹಾಗಾಗಿ ಹೆಜ್ಜೆ ಹೆಜ್ಜೆಗೂ ಜಾರುತ್ತದೆ, ಜಾರಿ ಜಾರಿ ಒಡೆಯುತ್ತದೆ.

ಇನ್ನೊಂದು ವಿಷಯ ಸ್ಪರ್ಶ. ಚಪ್ಪಲಿಯೊಳಗೆ ಒಂದು ಸಣ್ಣ ಕಲ್ಲು ಸೇರಿದರೆ ಎರಡನೇ ಹೆಜ್ಜೆಗೇ ನಿಲ್ಲುತ್ತೇವೆ ಅಲ್ವಾ? ತುಂಬ ಹೊತ್ತು ನಿಂತರೆ ನಮಗೇ ಗೊತ್ತಿಲ್ಲದೆ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತೇವೆ. ಅಂಗಾಲಿನ ನರಗಳು ಸದಾ ಈ ಕಾವಲು ಕಾಯುತ್ತಿರುತ್ತವೆ. ಆ ನರ ಸತ್ತರೆ ಎಷ್ಟು ಚೆನ್ನಾಗಿರುವ ಚರ್ಮವೂ ಬಹಳ ದಿನ ಉಳಿಯುವುದಿಲ್ಲ.

ದಪ್ಪ, ಹಿಡಿತ, ಸ್ಪರ್ಶ ಈ ಮೂರೂ ಒಟ್ಟಿಗೆ ಇರುವ ಚರ್ಮ ದೇಹದಲ್ಲಿ ಬೇರೆಲ್ಲೂ ಸಿಗುವುದಿಲ್ಲ, ಇನ್ನೊಂದು ಅಂಗಾಲು ಬಿಟ್ಟರೆ. ಆದ್ದರಿಂದ ಸರ್ಜನ್ ಯಾವ ದಾರಿ ಹಿಡಿದರೂ ಯಾವುದೋ ಒಂದನ್ನು ಬಿಟ್ಟುಕೊಡಲೇಬೇಕು. ಯಾವುದನ್ನು ಬಿಟ್ಟುಕೊಟ್ಟರೆ ಈ ರೋಗಿ ನಡೆಯಬಲ್ಲರು ಅನ್ನುವುದೇ ಲೆಕ್ಕಾಚಾರ.

ಅಂಗಾಲಿನ ಯಾವ ಜಾಗ ಅನ್ನುವುದು ಇಲ್ಲಿ ಮೊದಲ ಪ್ರಶ್ನೆ. ಒದ್ದೆ ಕಾಲಲ್ಲಿ ಒಣ ನೆಲದ ಮೇಲೆ ನಡೆದರೆ ಹೆಜ್ಜೆ ಮೂಡುತ್ತದಲ್ಲ, ಅದನ್ನು ಗಮನಿಸಿ. ಹಿಮ್ಮಡಿ ಮೂಡುತ್ತದೆ, ಹೊರ ಅಂಚು ಮೂಡುತ್ತದೆ, ಬೆರಳುಗಳ ಬುಡ ಮೂಡುತ್ತದೆ. ಒಳಭಾಗದ ಕಮಾನು ಮಾತ್ರ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮೂಡುವ ಜಾಗಗಳೆಲ್ಲ ಭಾರ ಹೊರುವ ಜಾಗಗಳು. ಖಾಲಿ ಬಿಡುವ ಕಮಾನು ಭಾರ ಹೊರುವುದಿಲ್ಲ, ಆದರೆ ಅಲ್ಲಿನ ಚರ್ಮವೂ ಅಂಗಾಲಿನದೇ ಜಾತಿ. ಮುಂದೆ ಇದರ ಉಪಯೋಗ ಬರುತ್ತದೆ, ನೆನಪಿಟ್ಟುಕೊಳ್ಳಿ.

ಎರಡನೇ ಪ್ರಶ್ನೆ, ಚರ್ಮ ಹೋಗಿದ್ದು ಯಾಕೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಸಕ್ಕರೆ ಕಾಯಿಲೆಯ ಹುಣ್ಣು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಾಲಿನ ನರಗಳು ಸೊರಗುತ್ತವೆ, ಪಾದ ಮರಗಟ್ಟುತ್ತದೆ. ಬೆರಳುಗಳು ಡೊಂಕಾಗಿ ಬೆರಳ ಬುಡದ ಮೂಳೆಗಳು ಕೆಳಗೆ ಚಾಚಿಕೊಳ್ಳುತ್ತವೆ. ಅಲ್ಲಿ ಜಡ್ಡು ಕಟ್ಟುತ್ತದೆ, ಜಡ್ಡಿನ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ, ಒಂದು ದಿನ ಒಡೆದು ಹುಣ್ಣಾಗುತ್ತದೆ. ನೋವೇ ಇಲ್ಲವಾದ್ದರಿಂದ ಅದರ ಮೇಲೇ ನಡೆಯುತ್ತಿರುತ್ತಾರೆ. ದೇವಸ್ಥಾನದ ಪ್ರಾಂಗಣದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಪೂರ್ತಿ ಬೊಬ್ಬೆ ಎದ್ದವರು, ಕಾಲು ನೋವಿಗೆ ಅಂತ ಬಿಸಿ ನೀರಲ್ಲಿ ಅದ್ದಿ ಸುಟ್ಟುಕೊಂಡವರು, ಆಣಿಯನ್ನು ಮನೆಯಲ್ಲೇ ಬ್ಲೇಡಿನಿಂದ ಕೊಯ್ದುಕೊಂಡವರು, ಇವರೆಲ್ಲರ ಕಥೆಯ ಬೇರು ಒಂದೇ, ಕಾಲಿಗೆ ಸ್ಪರ್ಶ ಇರಲಿಲ್ಲ.

ಕುಷ್ಠರೋಗದಲ್ಲೂ ಹೀಗೇ. ಒಳಗಂಟಿನ, ಅಂದರೆ ಕಣಕಾಲಿನ ಒಳಬದಿಯಲ್ಲಿ ಉಬ್ಬಿರುವ ಮೂಳೆಯ ಹಿಂದೆ ಹಾದುಹೋಗುವ ನರ ಹಾಳಾಗಿ ಅಂಗಾಲು ಸ್ಪರ್ಶ ಕಳೆದುಕೊಳ್ಳುತ್ತದೆ. ರೋಗ ಔಷಧಿಯಿಂದ ಪೂರ್ತಿ ವಾಸಿಯಾದ ಮೇಲೂ ಹಾಳಾದ ನರ ಸಾಮಾನ್ಯವಾಗಿ ಸರಿಹೋಗುವುದಿಲ್ಲ, ಹಾಗಾಗಿ ಹುಣ್ಣು ಬರುತ್ತಲೇ ಇರುತ್ತದೆ. ಹಿಂದೆ ಕುಷ್ಠರೋಗಿಗಳ ಮಾಂಸವೇ ಕೆಟ್ಟದ್ದು, ತಾನಾಗಿ ಕೊಳೆಯುತ್ತದೆ ಅಂತ ನಂಬಿದ್ದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್ ಅದನ್ನು ಒಪ್ಪಲಿಲ್ಲ. ಇವರು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ನೋವು ಗೊತ್ತಾಗದೆ ದಿನದಿನವೂ ಆಗುವ ಪೆಟ್ಟೇ ಪಾದವನ್ನು ತಿನ್ನುತ್ತಿದೆ ಅಂತ ಅವರು ತೋರಿಸಿಕೊಟ್ಟರು. ಪಾದಕ್ಕೆ ಸರಿಯಾಗಿ ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ ಅದೇ ಹುಣ್ಣು ಎಲ್ಲರ ಹುಣ್ಣಿನ ಹಾಗೇ ಮಾಯುತ್ತಿತ್ತು. ಇವತ್ತು ಸಕ್ಕರೆ ಕಾಯಿಲೆಯ ಪಾದಕ್ಕೆ ಜಗತ್ತಿನಾದ್ಯಂತ ಕೊಡುವ ಚಿಕಿತ್ಸೆಯ ಒಂದು ದೊಡ್ಡ ಪಾಲು ದಕ್ಷಿಣ ಭಾರತದ ಕುಷ್ಠರೋಗದ ವಾರ್ಡುಗಳಲ್ಲಿ ಕಲಿತದ್ದು. ಇದು ನಮ್ಮವರಿಗೆ ಇನ್ನೂ ಜಾಸ್ತಿ ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮೂರನೆಯದು ಅಪಘಾತ. ಬೈಕಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಹಿಮ್ಮಡಿಯ ಚರ್ಮ ಕಿತ್ತು ಬರುವುದು ನಮ್ಮ ಆಸ್ಪತ್ರೆಗಳಲ್ಲಿ ಆಗಾಗ ನೋಡುವ ಗಾಯ. ಲಾರಿ ಬಸ್ಸಿನ ಚಕ್ರ ಹರಿದರೆ ಕಾಲುಚೀಲ ಬಿಚ್ಚಿದಂತೆ ಇಡೀ ಅಂಗಾಲಿನ ಚರ್ಮ ಸುಲಿದು ಬರಬಹುದು. ಆಮೇಲೆ ಕ್ಯಾನ್ಸರ್. ಮೆಲನೋಮಾ ಅನ್ನುವ ಕಪ್ಪು ಮಚ್ಚೆಯ ಕ್ಯಾನ್ಸರ್ ನಮ್ಮ ಮೈಬಣ್ಣದವರಲ್ಲಿ ಅಪರೂಪ, ಆದರೆ ಬಂದರೆ ಅಂಗಾಲು, ಅಂಗೈ, ಉಗುರಿನಡಿ ಇಂಥ ಜಾಗಗಳಲ್ಲೇ ಹೆಚ್ಚು. ಅಂಗಾಲಿನಲ್ಲಿ ಹೊಸದಾಗಿ ಬಂದು ಹರಡುತ್ತಿರುವ ಕಪ್ಪು ಕಲೆಯನ್ನು ದಯವಿಟ್ಟು ನಿರ್ಲಕ್ಷಿಸಬೇಡಿ. ವರ್ಷಗಟ್ಟಲೆ ಮಾಯದ ಹಳೆ ಹುಣ್ಣೂ ಕ್ಯಾನ್ಸರ್ ಆಗಬಹುದು. ಅಂಚು ದಪ್ಪಗಾಗಿ ಹೂಕೋಸಿನಂತೆ ಬೆಳೆಯುತ್ತಿದ್ದರೆ ಚೂರು ತೆಗೆದು ಬಯಾಪ್ಸಿ ಮಾಡಿಸದೆ ಮೇಲೆ ಚರ್ಮ ಹಾಕುವ ಮಾತೇ ಇಲ್ಲ.

ಮೂರನೇ ಪ್ರಶ್ನೆ, ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯಾ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಂಟಿನ ಹಿಂದೆ ಒಂದು ನಾಡಿ ಬಡಿಯುತ್ತದೆ. ಸರ್ಜನ್ ಬೆರಳಿಟ್ಟು ನೋಡುತ್ತಾರೆ, ಸಾಲದಿದ್ದರೆ ನಾಳದಲ್ಲಿ ರಕ್ತ ಹರಿಯುವುದನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸುತ್ತಾರೆ. ಕಾಲಿನ ಮತ್ತು ಕೈಯಿನ ಬಿಪಿ ಹೋಲಿಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಶುಗರ್ ಇರುವವರ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿಕೊಂಡು ಗಡುಸಾಗಿರುವುದರಿಂದ ಅದು ಸುಳ್ಳು ಸುಳ್ಳೇ ಚೆನ್ನಾಗಿದೆ ಅಂತ ತೋರಿಸಬಹುದು. ಅದಕ್ಕೇ ಕಾಲ್ಬೆರಳಿನ ಒತ್ತಡ ಅಳೆಯುತ್ತಾರೆ. ನಾಳ ಮುಚ್ಚಿದ್ದರೆ ಮೊದಲು ಬಲೂನ್ ಹಾಕಿ ತೆರೆಯಬೇಕು ಅಥವಾ ಬೈಪಾಸ್ ಮಾಡಬೇಕು. ರಕ್ತವೇ ಬಾರದ ಕಾಲಿಗೆ ಯಾವ ಚರ್ಮ ಹಾಕಿದರೂ ಕಪ್ಪಾಗಿ ಉದುರುತ್ತದೆ. ಬೀಡಿ ಸಿಗರೇಟು ಬಿಡಿ ಅಂತ ಸರ್ಜನ್ ಹಟ ಹಿಡಿಯುವುದೂ ಇದಕ್ಕೇ, ನಿಕೋಟಿನ್ ಸಣ್ಣ ನಾಳಗಳನ್ನು ಹಿಂಡುತ್ತದೆ.

ಇದರ ಜೊತೆಗೆ ಮೂಳೆಗೆ ಸೋಂಕು ಇಳಿದಿದೆಯಾ ಅಂತಲೂ ನೋಡಬೇಕು. ಹುಣ್ಣಿನೊಳಗೆ ಸ್ವಚ್ಛವಾದ ಲೋಹದ ಕಡ್ಡಿ ಹಾಕಿದಾಗ ಗಟ್ಟಿಯಾಗಿ ಮೂಳೆ ತಾಗಿದರೆ ಸಂಶಯ ಜಾಸ್ತಿಯಾಗುತ್ತದೆ, ಎಕ್ಸ್‌ರೇ ಅಥವಾ ಎಂಆರ್‌ಐ ಬೇಕಾಗುತ್ತದೆ. ಸ್ಪರ್ಶ ಪರೀಕ್ಷೆಗೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಸಾಕು. ಅದನ್ನು ಅಂಗಾಲಿಗೆ ತಾಗಿಸಿದಾಗ ಗೊತ್ತಾಗದಿದ್ದರೆ ಆ ಪಾದಕ್ಕೆ ಕಾವಲು ಇಲ್ಲ ಅಂತ ಅರ್ಥ.

ಇನ್ನು ಚಿಕಿತ್ಸೆ. ಯಾವುದಕ್ಕೂ ಮೊದಲು ಸತ್ತ ಮಾಂಸ, ಕೀವು, ಕೆಟ್ಟ ಮೂಳೆ ತೆಗೆದು ಗಾಯವನ್ನು ಸ್ವಚ್ಛ ಮಾಡಬೇಕು. ಇದನ್ನು ಆಸ್ಪತ್ರೆಯಲ್ಲಿ ಡಿಬ್ರೈಡ್‌ಮೆಂಟ್ ಅನ್ನುತ್ತಾರೆ. ಒಂದೇ ಸಲಕ್ಕೆ ಮುಗಿಯದೆ ಎರಡು ಮೂರು ಸಲ ಮಾಡಬೇಕಾಗಬಹುದು. ಇದಾದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಮನೆಯವರು ಹೆದರುತ್ತಾರೆ. ಹೆದರಬೇಡಿ, ಒಳಗಿದ್ದದ್ದು ಈಗ ಹೊರಗೆ ಕಾಣುತ್ತಿದೆ ಅಷ್ಟೇ.

ಸಣ್ಣ, ಆಳವಿಲ್ಲದ ಗಾಯವನ್ನು ತಾನಾಗಿ ಮಾಯಲು ಬಿಡುವುದೂ ಒಂದು ಒಳ್ಳೆಯ ದಾರಿ. ಸುತ್ತಲಿನ ಅಂಗಾಲಿನ ಚರ್ಮವೇ ಒಳಗೆ ಹಬ್ಬಿ ಮುಚ್ಚಿಕೊಳ್ಳುತ್ತದೆ, ಅದಕ್ಕಿಂತ ಒಳ್ಳೆಯ ಚರ್ಮ ಎಲ್ಲಿಂದಲೂ ತರಲಾಗದು. ಆದರೆ ಒಂದು ಷರತ್ತು ಇದೆ, ಗಾಯದ ಮೇಲೆ ಭಾರ ಬೀಳಬಾರದು. ಶುಗರ್ ಇರುವವರ ಬೆರಳ ಬುಡದ ಹುಣ್ಣಿಗೆ, ರಕ್ತ ಸಂಚಾರ ಚೆನ್ನಾಗಿದ್ದು ಸೋಂಕು ಇಲ್ಲದಿದ್ದರೆ, ಮೊಣಕಾಲಿನ ಕೆಳಗಿನವರೆಗೆ ಪಾದಕ್ಕೆ ಅಂಟಿಕೊಂಡಂತೆ ಹಾಕುವ ಪ್ಲಾಸ್ಟರ್ ಇವತ್ತಿಗೂ ಮೊದಲ ಸಾಲಿನ ಚಿಕಿತ್ಸೆ. ಬಿಚ್ಚಿ ಹಾಕಬಹುದಾದ ಬೂಟು ಕೊಟ್ಟರೆ ಜನ ಮನೆಯಲ್ಲಿ ಬಿಚ್ಚಿಟ್ಟು ಬಚ್ಚಲಿಗೆ, ಅಡುಗೆ ಮನೆಗೆ ಬರಿಗಾಲಲ್ಲೇ ಓಡಾಡುತ್ತಾರೆ, ಅಷ್ಟರಲ್ಲಿ ಮಾಡಿದ ಕೆಲಸವೆಲ್ಲ ಹಾಳು. ಹಾಗಾಗಿ ಬಿಚ್ಚಲಾಗದ ಪ್ಲಾಸ್ಟರೇ ಉತ್ತಮ. ಆಳದ ಗಾಯವಾದರೆ ಸ್ಪಂಜು ಇಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಯಂತ್ರದಿಂದ ಗಾಳಿ ಹೀರುವ ಡ್ರೆಸ್ಸಿಂಗ್ ಇದೆ, ವ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ 125 ಮಿ.ಮೀ. ಪಾದರಸದಷ್ಟು ಹೀರುವಿಕೆ ಇಡುತ್ತಾರೆ. ಇದು ನೀರು ಹೀರಿ ಗಾಯವನ್ನು ಕುಗ್ಗಿಸುತ್ತದೆ, ಕೆಂಪು ಹೊಸ ಮಾಂಸ ಬೆಳೆಯಲು ನೆರವಾಗುತ್ತದೆ. ಇದನ್ನೇ ಕೊನೆಯ ಚಿಕಿತ್ಸೆ ಅಂದುಕೊಳ್ಳಬೇಡಿ, ಮುಂದಿನ ಆಪರೇಷನ್‌ಗೆ ನೆಲ ಹದ ಮಾಡುವ ಕೆಲಸ ಇದರದ್ದು.

ಮುಂದಿನದ್ದು ಚರ್ಮ ಕಸಿ, ಅಂದರೆ ಗ್ರಾಫ್ಟ್. ತೊಡೆಯಿಂದ ಸುಮಾರು 0.2ರಿಂದ 0.4 ಮಿ.ಮೀ. ದಪ್ಪದ ಚರ್ಮದ ಹಾಳೆ ತೆಗೆದು ಗಾಯದ ಮೇಲೆ ಹಾಸುತ್ತಾರೆ. ಇದಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದ ರಸ ಹೀರಿ ಬದುಕುತ್ತದೆ, ಆಮೇಲೆ ಕೆಳಗಿನ ನಾಳಗಳು ಬಂದು ಸೇರಿಕೊಳ್ಳುತ್ತವೆ. ಈ ಹೊತ್ತಿನಲ್ಲಿ ಅದು ಅಲುಗಾಡಿದರೆ ಅಥವಾ ಕೆಳಗೆ ರಕ್ತ ಸೇರಿಕೊಂಡರೆ ಹಿಡಿಯುವುದಿಲ್ಲ. ಬರೀ ಮೂಳೆ, ಪೊರೆ ಹೋದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಇವುಗಳ ಮೇಲೆ ಗ್ರಾಫ್ಟ್ ಹಿಡಿಯುವುದೇ ಇಲ್ಲ. ಅಂಥ ಕಡೆ ಮೊದಲು ಕೃತಕ ಚರ್ಮದ ಹಾಳೆ ಹಾಕಿ, ಎರಡು ಮೂರು ವಾರ ಕಾದು, ಅದರೊಳಗೆ ನಾಳ ಬೆಳೆದ ಮೇಲೆ ತೆಳು ಗ್ರಾಫ್ಟ್ ಹಾಕುವ ಪದ್ಧತಿಯೂ ಇದೆ. ಖರ್ಚು ಮಾತ್ರ ಜಾಸ್ತಿ.

ಗ್ರಾಫ್ಟ್ ಅಂದ ತಕ್ಷಣ ಅಂಗಾಲಿಗೆ ಆಗುವುದೇ ಇಲ್ಲ ಅನ್ನುವವರೂ ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಕಮಾನಿನ ಭಾಗಕ್ಕೆ ಗ್ರಾಫ್ಟ್ ಧಾರಾಳವಾಗಿ ಸಾಕು. ಭಾರ ಬೀಳುವ ಜಾಗದಲ್ಲೂ ಕೆಳಗಿನ ಕೊಬ್ಬಿನ ಮೆತ್ತೆ ಚೆನ್ನಾಗಿ ಉಳಿದಿದ್ದು, ಸ್ಪರ್ಶ ಇರುವ, ತನ್ನ ಕಾಲನ್ನು ನೋಡಿಕೊಳ್ಳುವ ರೋಗಿಯಾದರೆ ಗ್ರಾಫ್ಟ್ ವರ್ಷಗಟ್ಟಲೆ ಬಾಳಿದ್ದುಂಟು, ಮಕ್ಕಳಲ್ಲಂತೂ ಇನ್ನೂ ಚೆನ್ನಾಗಿ. ಮೆತ್ತೆಯೇ ಹೋಗಿ ಮೂಳೆಯ ಮೇಲೆ ತೆಳು ಚರ್ಮ ಕೂತರೆ ಮಾತ್ರ ಅಂಚಿನಲ್ಲಿ ಜಡ್ಡು ಕಟ್ಟಿ, ಬಿರಿದು, ಮತ್ತೆ ಹುಣ್ಣಾಗುತ್ತದೆ. ತೊಡೆಯ ಬದಲು ಅಂಗಾಲಿನ ಕಮಾನಿನಿಂದಲೇ ತೆಳುವಾಗಿ ಗ್ರಾಫ್ಟ್ ತೆಗೆಯುವ ಉಪಾಯವೂ ಇದೆ. ಬಣ್ಣ ಹೊಂದುತ್ತದೆ, ಚರ್ಮದ ಗುಣವೂ ಹೊಂದುತ್ತದೆ, ಆದರೆ ಸಿಗುವ ಚರ್ಮ ಸ್ವಲ್ಪವೇ.

ಗ್ರಾಫ್ಟ್ ಸಾಲದ ಕಡೆ ಫ್ಲಾಪ್ ಬೇಕು. ವ್ಯತ್ಯಾಸ ಇಷ್ಟೇ, ಗ್ರಾಫ್ಟ್ ರಕ್ತನಾಳ ಇಲ್ಲದೆ ಬರುತ್ತದೆ, ಫ್ಲಾಪ್ ತನ್ನ ರಕ್ತನಾಳವನ್ನು ಜೊತೆಗೇ ತರುತ್ತದೆ. ಹಾಗಾಗಿ ಅದು ಚರ್ಮ, ಕೊಬ್ಬು, ಬೇಕಾದರೆ ಸ್ನಾಯು ಎಲ್ಲ ಸೇರಿಸಿ ದಪ್ಪವಾಗಿ ಬರಬಹುದು, ಬರೀ ಮೂಳೆಯ ಮೇಲೂ ಕೂರಬಹುದು.

ಅಕ್ಕಪಕ್ಕದ ಚರ್ಮವನ್ನೇ ಕೊಯ್ದು ಸರಿಸುವುದು ಇವುಗಳಲ್ಲಿ ಸರಳ. ಅಂಗಾಲಿನ ಚರ್ಮ ಜಗ್ಗುವುದಿಲ್ಲ ಅಂತ ಆಗಲೇ ನೋಡಿದೆವಲ್ಲ, ಅದರಿಂದ ಹೀಗೆ ಮುಚ್ಚಬಹುದಾದ ಗಾಯ ಸಣ್ಣದೇ ಇರಬೇಕು, ಎರಡು ಮೂರು ಸೆಂ.ಮೀ. ಒಳಗೆ. ಬೆರಳ ಬುಡದ ದೊಡ್ಡ ಹುಣ್ಣಿಗೆ, ಪಕ್ಕದ ಬೆರಳಿನ ಮೂಳೆ ಹೇಗೂ ಕೆಟ್ಟಿದ್ದರೆ, ಮೂಳೆ ತೆಗೆದು ಆ ಬೆರಳಿನ ಚರ್ಮವನ್ನೇ ಬಿಡಿಸಿ ಹುಣ್ಣಿನ ಮೇಲೆ ಹಾಸುತ್ತಾರೆ. ಕಳೆದುಹೋಗಲಿದ್ದ ಬೆರಳು ಹೀಗೆ ಉಪಯೋಗಕ್ಕೆ ಬರುತ್ತದೆ. ಕೇಳಲು ಕಷ್ಟ ಅನ್ನಿಸಿದರೂ ಬಹಳ ಜಾಣ ಆಪರೇಷನ್ ಇದು.

ನನ್ನ ಪ್ರಕಾರ ಈ ಇಡೀ ವಿಷಯದ ಅತ್ಯಂತ ಚಂದದ ಆಪರೇಷನ್ ಹಿಮ್ಮಡಿಗೆ ಕಮಾನಿನ ಚರ್ಮ ತರುವುದು. ವೈದ್ಯರು ಇದನ್ನು ಮೀಡಿಯಲ್ ಪ್ಲಾಂಟರ್ ಫ್ಲಾಪ್ ಅನ್ನುತ್ತಾರೆ. ಕಮಾನು ಭಾರ ಹೊರುವುದಿಲ್ಲ, ಆದರೆ ಚರ್ಮ ಅಂಗಾಲಿನದೇ ಅಂದೆನಲ್ಲ. ಆ ಚರ್ಮವನ್ನು ಕೆಳಗಿನ ನಾರಿನ ಪದರ, ಅದಕ್ಕೆ ರಕ್ತ ಕೊಡುವ ನಾಳ, ಸ್ಪರ್ಶ ಕೊಡುವ ನರದ ಎಳೆ ಸಮೇತ ಎತ್ತಿ, ನಾಳದ ಬುಡವನ್ನು ಹಾಗೇ ಉಳಿಸಿಕೊಂಡು, ಹಿಮ್ಮಡಿಯ ಗಾಯಕ್ಕೆ ತಿರುಗಿಸಿ ಹೊಲಿಯುತ್ತಾರೆ. ಕಮಾನಿನಲ್ಲಿ ಉಳಿದ ಗಾಯಕ್ಕೆ ತೊಡೆಯ ಗ್ರಾಫ್ಟ್. ಭಾರ ಬೀಳದ ಜಾಗವಾದ್ದರಿಂದ ಅಲ್ಲಿ ಅದು ಆರಾಮಾಗಿ ಬಾಳುತ್ತದೆ. ಹಿಮ್ಮಡಿಗೆ ಸಿಗುವುದು ದಪ್ಪ ಚರ್ಮ, ಕೂದಲಿಲ್ಲದ ಚರ್ಮ, ಮುಟ್ಟಿದರೆ ಗೊತ್ತಾಗುವ ಚರ್ಮ. 1979ರಲ್ಲಿ ಶಾನಹನ್ ಮತ್ತು ಗಿಂಗ್ರಾಸ್ ಎಂಬ ಸರ್ಜನ್‌ಗಳು ಇದನ್ನು ವರ್ಣಿಸಿದರು, 1980ರ ದಶಕದಲ್ಲಿ ಇನ್ನಷ್ಟು ಸುಧಾರಣೆಯಾಯಿತು. ಇವತ್ತಿಗೂ ಮಧ್ಯಮ ಗಾತ್ರದ ಹಿಮ್ಮಡಿ ಗಾಯಕ್ಕೆ ಇದನ್ನು ಮೀರಿಸುವುದು ಕಷ್ಟ. ಮಿತಿಗಳೂ ಇವೆ. ಒಳಗಂಟಿನ ಹಿಂದಿನ ನಾಳ ಸರಿಯಾಗಿರಬೇಕು, ಕಮಾನಿಗೆ ಪೆಟ್ಟಾಗಿರಬಾರದು, ಇಡೀ ಹಿಮ್ಮಡಿ ಹೋಗಿದ್ದರೆ ಕಮಾನಿನ ಚರ್ಮ ಸಾಲದು. ಹಿಮ್ಮಡಿಯ ಗಾಯಕ್ಕೆ ಆಪರೇಷನ್ ಅಂದಾಗ ಸರ್ಜನ್‌ರನ್ನು "ಕಮಾನಿನ ಚರ್ಮ ಬಳಸಬಹುದಾ ಡಾಕ್ಟರೇ?" ಅಂತ ಕೇಳಿ. ಆಗದು ಅಂದರೆ ಕಾರಣ ಹೇಳುತ್ತಾರೆ, ಆ ಕಾರಣದಲ್ಲೇ ನಿಮ್ಮ ಕಾಲಿನ ಸ್ಥಿತಿ ಅರ್ಥವಾಗುತ್ತದೆ.

ಹಿಮ್ಮಡಿಯ ಹಿಂಭಾಗದ ಗಾಯಕ್ಕೆ, ಕಮಾನು ಸಿಗದಿದ್ದಾಗ, ಮೀನಖಂಡದ ಹಿಂದಿನ ಚರ್ಮವನ್ನು ಕೆಳಗೆ ತಿರುಗಿಸಿ ತರುವ ಸೂರಲ್ ಫ್ಲಾಪ್ ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿದೆ. 1992ರಲ್ಲಿ ಫ್ರಾನ್ಸಿನ ಮಾಸ್ಕೆಲೆ ಮತ್ತು ಜೊತೆಗಾರರು ಇದರ ಬಗ್ಗೆ ಬರೆದ ಮೇಲೆ ಹಬ್ಬಿತು. ಹೊರಗಂಟಿನಿಂದ ಸುಮಾರು 5 ಸೆಂ.ಮೀ. ಮೇಲಿರುವ ಸಣ್ಣ ನಾಳಗಳು ಇದಕ್ಕೆ ಆಧಾರ. ಮೈಕ್ರೋಸ್ಕೋಪ್ ಬೇಡ, ದೊಡ್ಡ ಕೇಂದ್ರ ಬೇಡ, ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ನುರಿತ ಸರ್ಜನ್ ಇದ್ದರೆ ಮಾಡಬಹುದು. ಅದೇ ಇದರ ದೊಡ್ಡ ಗುಣ. ತೊಂದರೆ ಅಂದರೆ ಫ್ಲಾಪ್‌ನಲ್ಲಿ ರಕ್ತ ಕಟ್ಟಿ ನೀಲಿಯಾಗಬಹುದು, ಶುಗರ್ ಮತ್ತು ವಯಸ್ಸು ಹೆಚ್ಚಿದ್ದಷ್ಟೂ ತುದಿ ಸಾಯುವ ಅಪಾಯ ಹೆಚ್ಚು. ಜೊತೆಗೆ ಒಂದು ನರ ಕಳೆದುಕೊಳ್ಳುವುದರಿಂದ ಪಾದದ ಹೊರ ಅಂಚು ಮರಗಟ್ಟುತ್ತದೆ. ಬಂದ ಚರ್ಮ ದಪ್ಪ, ಆದರೆ ಸಡಿಲ, ಸ್ಪರ್ಶವೂ ಕಡಿಮೆ. ಹಿಮ್ಮಡಿಯ ಹಿಂಭಾಗಕ್ಕೆ ಒಪ್ಪುತ್ತದೆ, ತಳಕ್ಕೆ ಎರಡನೇ ಆಯ್ಕೆ.

ಪಾದದೊಳಗಿನ ಸಣ್ಣ ಸ್ನಾಯುಗಳನ್ನು ತಿರುಗಿಸಿ ಮೂಳೆಯ ಗುಂಡಿ ತುಂಬಿ, ಮೇಲೆ ಗ್ರಾಫ್ಟ್ ಹಾಕುವುದೂ ಉಂಟು, ಮೂಳೆ ಸೋಂಕು ಇದ್ದ ಸಣ್ಣ ಆಳದ ಗಾಯಗಳಿಗೆ ಇದು ಅನುಕೂಲ. ಒಂದು ಕಾಲಿನ ಚರ್ಮವನ್ನು ಬುಡ ಬಿಡದೆ ಇನ್ನೊಂದು ಕಾಲಿಗೆ ಹೊಲಿದು, ಎರಡೂ ಕಾಲನ್ನು ಸುಮಾರು ಮೂರು ವಾರ ಒಟ್ಟಿಗೆ ಕಟ್ಟಿಡುವ ಹಳೆಯ ಪದ್ಧತಿ 19ನೇ ಶತಮಾನದಿಂದ ಇದೆ. ರೋಗಿಗೆ ಬಹಳ ಹಿಂಸೆ. ಆದರೆ ಬೇರೆ ದಾರಿಯೇ ಇಲ್ಲದಾಗ ಇವತ್ತಿಗೂ ಕಾಲು ಉಳಿಸುತ್ತದೆ.

ಅಂಗಾಲಿನ ದೊಡ್ಡ ಭಾಗವೇ ಹೋಗಿದ್ದರೆ ಉಳಿಯುವುದು ಫ್ರೀ ಫ್ಲಾಪ್. ದೇಹದ ದೂರದ ಜಾಗದಿಂದ ಚರ್ಮವನ್ನೋ ಸ್ನಾಯುವನ್ನೋ ಪೂರ್ತಿ ಬಿಡಿಸಿ ತಂದು, ಅದರ ರಕ್ತನಾಳಗಳನ್ನು ಕಾಲಿನ ನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಆ ನಾಳಗಳು ಒಂದರಿಂದ ಮೂರು ಮಿ.ಮೀ. ಅಗಲ, ದಾರ ಕೂದಲಿಗಿಂತ ಸಣ್ಣ. ತೊಡೆಯ ಹೊರಭಾಗದ ಚರ್ಮ ಈಗ ಹೆಚ್ಚು ಬಳಕೆಯಲ್ಲಿದೆ, 1984ರಲ್ಲಿ ಚೀನಾದ ಸರ್ಜನ್‌ಗಳು ಮೊದಲು ವರ್ಣಿಸಿದ್ದು. ಬೆನ್ನಿನ ಅಥವಾ ತೊಡೆಯ ಒಳಭಾಗದ ಸ್ನಾಯು ತಂದು ಮೇಲೆ ಗ್ರಾಫ್ಟ್ ಹಾಕುವವರೂ ಇದ್ದಾರೆ. ಸ್ನಾಯು ಮೇಲೋ ಚರ್ಮ ಮೇಲೋ ಅನ್ನುವ ವಾದ ದಶಕಗಳಿಂದ ನಡೆದಿದೆ. ಸ್ನಾಯು ಕಾಲಕ್ರಮೇಣ ಒಣಗಿ ಪಾದದ ಆಕಾರಕ್ಕೆ ಹೊಂದಿಕೊಂಡು ಕಡಿಮೆ ಜಾರುತ್ತದೆ ಅಂತ ಒಂದು ಪಕ್ಷ. ಚರ್ಮದ ಫ್ಲಾಪ್ ಗಟ್ಟಿ, ನರ ಜೋಡಿಸಬಹುದು, ಮುಂದೆ ಮತ್ತೆ ಎತ್ತಿ ಕೆಲಸ ಮಾಡಲು ಸುಲಭ ಅಂತ ಇನ್ನೊಂದು ಪಕ್ಷ. ಎರಡೂ ಸಾಮಾನ್ಯವಾಗಿ ಬಾಳುತ್ತವೆ, ಎರಡೂ ಕೆಲವೊಮ್ಮೆ ಒಡೆಯುತ್ತವೆ. ನರ ಜೋಡಿಸದಿದ್ದರೂ ಅಂಚಿನಿಂದ ಸ್ವಲ್ಪ ಸ್ಪರ್ಶ ತಿಂಗಳುಗಳಲ್ಲಿ ಬರುವುದುಂಟು.

ಫ್ರೀ ಫ್ಲಾಪ್ ಅನುಭವಿ ತಂಡದ ಕೈಯಲ್ಲಿ 100ರಲ್ಲಿ 90ಕ್ಕೂ ಹೆಚ್ಚು ಸಲ ಉಳಿಯುತ್ತದೆ. ಆದರೂ ಇದು ಆರೆಂಟು ಗಂಟೆಯ ಆಪರೇಷನ್. ಮೊದಲ ಎರಡು ಮೂರು ದಿನ ನರ್ಸ್‌ಗಳು ಹಗಲು ರಾತ್ರಿ ಫ್ಲಾಪ್‌ನ ಬಣ್ಣ, ಬಿಸಿ ನೋಡುತ್ತಿರುತ್ತಾರೆ, ನಾಳ ಕಟ್ಟಿಕೊಂಡರೆ ಕೂಡಲೇ ಮತ್ತೆ ಥಿಯೇಟರಿಗೆ. ದಪ್ಪ ಜಾಸ್ತಿಯಾಗಿ ಚಪ್ಪಲಿ ಹಿಡಿಸದಿದ್ದರೆ ತಿಂಗಳುಗಳ ನಂತರ ತೆಳುಗೊಳಿಸುವ ಸಣ್ಣ ಆಪರೇಷನ್ ಬೇಕಾಗುತ್ತದೆ. ಅದು ಮೊದಲಿನ ಆಪರೇಷನ್ ಕೆಟ್ಟಿತು ಅಂತಲ್ಲ, ಮೊದಲೇ ಲೆಕ್ಕದಲ್ಲಿ ಇಟ್ಟಿರುವ ಹಂತ.

ಕಾಲು ತೆಗೆಯುವ ಮಾತನ್ನು ಬಿಟ್ಟು ಈ ವಿಷಯ ಮುಗಿಸಲಾಗದು. ರಕ್ತ ಸಂಚಾರ ಸರಿಪಡಿಸಲಾಗದಷ್ಟು ಕೆಟ್ಟಿದ್ದರೆ, ಹಿಮ್ಮಡಿಯ ಮೂಳೆಯೇ ಕೊಳೆತಿದ್ದರೆ, ರೋಗಿಯ ಹೃದಯ ಕಿಡ್ನಿ ದೊಡ್ಡ ಆಪರೇಷನ್ ತಡೆಯದಿದ್ದರೆ, ಮೊಣಕಾಲಿನ ಕೆಳಗೆ ಕಾಲು ತೆಗೆದು ಕೃತಕ ಕಾಲು ಹಾಕುವುದು ಒಳ್ಳೆಯ ಚಿಕಿತ್ಸೆಯೇ. ವರ್ಷಕ್ಕೆ ಹತ್ತು ತಿಂಗಳು ಹಾಸಿಗೆಯಲ್ಲಿ ಕಳೆಯುವ ಕಾಲಿಗಿಂತ, ಬಸ್ಸು ಹತ್ತಿ ಕೆಲಸಕ್ಕೆ ಹೋಗಬಲ್ಲ ಕೃತಕ ಕಾಲು ಎಷ್ಟೋ ಜನರಿಗೆ ಬದುಕು ಮರಳಿ ಕೊಟ್ಟಿದೆ. ಆದರೆ ಆ ತೀರ್ಮಾನಕ್ಕೆ ಮುಂಚೆ ರಕ್ತನಾಳದ ಸರ್ಜನ್ ಒಮ್ಮೆ, ಪ್ಲಾಸ್ಟಿಕ್ ಸರ್ಜನ್ ಒಮ್ಮೆ ಕಾಲನ್ನು ನೋಡಿರಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ವಿಷ ಮೈಗೇರುತ್ತಿರುವ ತುರ್ತು ಸೋಂಕಿನಲ್ಲಿ ಮಾತ್ರ ಕಾಯಲು ಸಮಯ ಇರುವುದಿಲ್ಲ.

ಅಪಘಾತವಾದಾಗ ಮನೆಯವರು ಮಾಡಬೇಕಾದ್ದು ಸ್ವಲ್ಪವೇ. ಗಾಯಕ್ಕೆ ಅರಿಶಿನ, ಕಾಫಿ ಪುಡಿ ಏನನ್ನೂ ಮೆತ್ತಬೇಡಿ, ಅದನ್ನು ತೊಳೆದು ತೆಗೆಯುವುದರಲ್ಲೇ ಸರ್ಜನ್‌ಗೆ ಹೊತ್ತು ಹೋಗುತ್ತದೆ. ಸ್ವಚ್ಛ ಬಟ್ಟೆ ಸುತ್ತಿ ಒತ್ತಿ ಹಿಡಿಯಿರಿ. ಕಿತ್ತುಬಂದ ಚರ್ಮದ ತುಂಡು ಇದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಆ ಕವರನ್ನು ಐಸ್ ಮೇಲಿಡಿ. ನೇರವಾಗಿ ಐಸ್‌ನಲ್ಲಿ ಹಾಕಬೇಡಿ. ಕೆಲವೊಮ್ಮೆ ಆ ಚರ್ಮದ ಕೊಬ್ಬು ಕೆತ್ತಿ ಗ್ರಾಫ್ಟ್ ಆಗಿ ಬಳಸುತ್ತಾರೆ. ಜೋತುಬಿದ್ದ ಹಿಮ್ಮಡಿ ಚರ್ಮವನ್ನು ಎಳೆದು ಬಿಗಿಯಾಗಿ ಹೊಲಿದರೆ ಎಷ್ಟೋ ಸಲ ನಾಲ್ಕೈದು ದಿನದಲ್ಲಿ ಕಪ್ಪಾಗುತ್ತದೆ, ಆದ್ದರಿಂದ ಹೊಲಿಗೆ ಹಾಕಿಸಿದ ಮೇಲೂ ಚರ್ಮದ ಬಣ್ಣ ಗಮನಿಸಿ.

ಆಪರೇಷನ್ ಆದಮೇಲಿನ ದಿನಗಳ ಬಗ್ಗೆ ಆಸ್ಪತ್ರೆಗಳಲ್ಲಿ ಕಡಿಮೆ ಮಾತಾಡುತ್ತಾರೆ, ನನ್ನ ಮಟ್ಟಿಗೆ ಅರ್ಧ ಚಿಕಿತ್ಸೆ ಅಲ್ಲೇ ಇದೆ. ಮೊದಲ ದಿನಗಳಲ್ಲಿ ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಆಮೇಲೆ ದಿನಕ್ಕೆ ಕೆಲವು ನಿಮಿಷ ಮಾತ್ರ ಕಾಲು ಇಳಿಬಿಟ್ಟು ಅಭ್ಯಾಸ ಮಾಡಿಸುತ್ತಾರೆ. ಭಾರ ಊರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯಾಗಿದ್ದು ಬೆರಳ ಬುಡಕ್ಕೆ ಭಾರ ಹೆಚ್ಚು ಬೀಳುತ್ತಿದ್ದರೆ ಅದನ್ನು ಸ್ವಲ್ಪ ಉದ್ದ ಮಾಡುವ ಸಣ್ಣ ಆಪರೇಷನ್, ಚಾಚಿದ ಮೂಳೆಯನ್ನು ಕೆತ್ತುವ ಆಪರೇಷನ್ ಇವನ್ನೂ ಮಾಡಬೇಕಾಗುತ್ತದೆ. ಹುಣ್ಣು ತಂದ ಒತ್ತಡ ಹಾಗೇ ಉಳಿದರೆ ಹೊಸ ಚರ್ಮಕ್ಕೂ ಅದೇ ಗತಿ.

ಚಪ್ಪಲಿಯ ವಿಷಯದಲ್ಲಿ ರಾಜಿ ಬೇಡ. ಸ್ಪರ್ಶ ಕಡಿಮೆ ಇರುವ ಪಾದಕ್ಕೆ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರ್ ಹಾಸು, ಕೆಳಗೆ ಮುಳ್ಳು ಮೊಳೆ ತೂರದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು. ಹವಾಯಿ ಚಪ್ಪಲಿ ಸಾಲದು. ಕುಷ್ಠರೋಗದಿಂದ ಪಾದ ಮರಗಟ್ಟಿದವರಿಗೆ ಸರ್ಕಾರದ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಎಂಸಿಆರ್ ಚಪ್ಪಲಿ ಉಚಿತವಾಗಿ ಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮನೆಯೊಳಗೂ ಹಾಕಿಕೊಳ್ಳಬೇಕು. ಮನೆಯೊಳಗೆ ಚಪ್ಪಲಿ ಹಾಕುವುದು ನಮ್ಮಲ್ಲಿ ರೂಢಿ ಇಲ್ಲ, ಹಿರಿಯರಿಗೆ ಮುಜುಗರ ಆಗುತ್ತದೆ. ಒಳಗೆ ಮಾತ್ರ ಹಾಕುವ ಒಂದು ಜೊತೆ ಬೇರೆ ಇಟ್ಟುಬಿಡಿ, ಅಪ್ಪನಿಗೋ ಅಜ್ಜಿಗೋ ಪ್ರೀತಿಯಿಂದ ಹೇಳಿ ಒಪ್ಪಿಸಿ.

ರಾತ್ರಿ ಮಲಗುವ ಮುಂಚೆ ಅಂಗಾಲನ್ನು ನೋಡಬೇಕು. ಬಗ್ಗಲು ಆಗದವರು ಕನ್ನಡಿ ನೆಲಕ್ಕಿಟ್ಟು ನೋಡಬಹುದು, ಕಣ್ಣು ಮಂಜಾದವರಿಗೆ ಮನೆಯವರು ನೋಡಬೇಕು. ಎರಡೂ ಪಾದದ ಒಂದೇ ಜಾಗವನ್ನು ಕೈಯ ಹಿಂಭಾಗದಿಂದ ಮುಟ್ಟಿ ಹೋಲಿಸಿ. ಹುಣ್ಣಾಗುವ ಮುಂಚೆ ಆ ಜಾಗ ಬಿಸಿಯಾಗುತ್ತದೆ. ಎರಡು ಪಾದಗಳ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಚ್ಚರಿಕೆ ಅಂತ ವೈದ್ಯರು ಲೆಕ್ಕ ಇಟ್ಟಿದ್ದಾರೆ, ಅಷ್ಟು ವ್ಯತ್ಯಾಸ ಎಷ್ಟೋ ಸಲ ಕೈಗೂ ಗೊತ್ತಾಗುತ್ತದೆ. ಫ್ಲಾಪ್‌ನ ಅಂಚಿನಲ್ಲಿ ಹೊಸ ಜಡ್ಡು, ಜಡ್ಡಿನ ಕೆಳಗೆ ಕಪ್ಪು ಕಲೆ, ಚಪ್ಪಲಿಯಲ್ಲಿ ಒದ್ದೆ ಗುರುತು, ಒಂದೇ ಕಡೆ ಬಿಸಿ, ಇವುಗಳಲ್ಲಿ ಯಾವುದು ಕಂಡರೂ ಆ ಕಾಲಿನ ಮೇಲೆ ನಡೆಯುವುದನ್ನು ಅವತ್ತೇ ನಿಲ್ಲಿಸಿ, ಮರುದಿನ ಬೆಳಿಗ್ಗೆ ಆಪರೇಷನ್ ಮಾಡಿದವರಿಗೇ ತೋರಿಸಿ. ಜ್ವರವೂ ಇದ್ದರೆ ಬೆಳಿಗ್ಗೆವರೆಗೆ ಕಾಯಬೇಡಿ.